ಮಯೋಡಿ ಇದ್ದರೂ ಮಯೋಟ್ಯೂಬ್ ಆಗದಿದ್ದರೆ

ನಿಮ್ಮ ಸಿ2ಸಿ12 ಕೋಶಗಳು (ಲ್ಯಾಬ್‌ನಲ್ಲಿ ಬೆಳೆಸುವ ಇಲಿಯ ಸ್ನಾಯು ಕೋಶಗಳು) 24ನೇ ಪಾಸೇಜ್‌ನಲ್ಲಿವೆ, ಅಂದರೆ ಅಷ್ಟು ಸಲ ಹೊಸ ತಟ್ಟೆಗೆ ಹಂಚಿದ್ದೀರಿ; ಪ್ರೋಟೀನ್ ಪರೀಕ್ಷೆಯಲ್ಲಿ ಮಯೋಡಿ (ಸ್ನಾಯುವಿನ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಬ್ಯಾಂಡ್ ಇದೆ, ಐದು ದಿನವಾದರೂ ಮಯೋಟ್ಯೂಬ್ (ಹಲವು ಕೋಶಗಳು ಬೆಸೆದು ಆಗುವ ಉದ್ದನೆಯ ಸ್ನಾಯು ಕೋಶ) ಇಲ್ಲ ಅಂದಿರಿ. ತಟ್ಟೆ ಪೂರ್ತಿ ತುಂಬಿದ ಮೇಲೆ ಪಾಸೇಜ್ ಮಾಡುತ್ತಾ ಬಂದದ್ದೇ ಬಹುಶಃ ಕಾರಣ. ತಟ್ಟೆ ತುಂಬಿದಾಗ ಚೆನ್ನಾಗಿ ಬೆಸೆಯಬಲ್ಲ ಕೋಶಗಳು ಮೊದಲೇ ಬೆಸೆದುಬಿಡುತ್ತವೆ. ಮುಂದಿನ ತಟ್ಟೆಗೆ ಹೋಗುವುದು ಉಳಿದವು.

ಮಯೋಡಿ ಬ್ಯಾಂಡ್ ನೋಡಿ ಸಮಾಧಾನಪಡಬೇಡಿ. ವಿಭಜನೆ ಆಗುತ್ತಿರುವ ಮಯೋಬ್ಲಾಸ್ಟ್‌ನಲ್ಲೂ (ಇನ್ನೂ ಬೆಸೆಯದ ಎಳೆಯ ಸ್ನಾಯು ಕೋಶ) ಅದು ಇರುತ್ತದೆ. ಡಿಎನ್‌ಎ ಹಿಡಿದು ಕೆಲಸ ಮಾಡಲು ಅದಕ್ಕೆ ಇ-ಪ್ರೋಟೀನ್ ಅನ್ನುವ ಇನ್ನೊಂದು ಪ್ರೋಟೀನ್ ಜೊತೆ ಬೇಕು. ಸೀರಂ (ಕೋಶ ಬೆಳೆಯಲು ಹಾಕುವ ರಕ್ತದ ದ್ರವ ಭಾಗ) ಜಾಸ್ತಿ ಇದ್ದಾಗ ಐಡಿ ಅನ್ನುವ ತಡೆಯೊಡ್ಡುವ ಪ್ರೋಟೀನ್‌ಗಳು ಆ ಜೊತೆಗಾರನನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ನೋಡಬೇಕಾದದ್ದು ಮಯೋಜೆನಿನ್, ಕೋಶ ಸ್ನಾಯುವಾಗಲು ಹೊರಟಾಗ ಏರುವ ಪ್ರೋಟೀನ್.

ಮೊದಲು ನಿಮ್ಮಲ್ಲಿರುವ ಅತಿ ಕಡಿಮೆ ಪಾಸೇಜ್‌ನ ವೈಯಲ್ (ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ ಸೀಸೆ) ತೆಗೆಯಿರಿ. ಬೆಳೆಸುವಾಗ 60–70% ತುಂಬಿದ ಕೂಡಲೇ ಪಾಸೇಜ್ ಮಾಡಿ, ವಾರಾಂತ್ಯದಲ್ಲೂ ಬಿಡಬೇಡಿ. ಪ್ರಯೋಗದ ತಟ್ಟೆಯನ್ನು ಮಾತ್ರ 90% ದಾಟಲು ಬಿಡಿ. ಆಮೇಲೆ ಪಿಬಿಎಸ್‌ನಲ್ಲಿ (ಕೋಶ ತೊಳೆಯುವ ಉಪ್ಪಿನ ದ್ರಾವಣ) ಎರಡು ಸಲ ತೊಳೆಯಿರಿ. ಸುಮ್ನೆ ಹೇಳುತ್ತಿಲ್ಲ, ಹಳೆಯ ಸೀರಂ ಉಳಿದರೆ ಎಲ್ಲಾ ಹಾಳು. ನಂತರ 2% ಕುದುರೆ ಸೀರಂ ಇರುವ ಡಿಎಂಇಎಂ (ಕೋಶಗಳ ಪೋಷಕ ದ್ರವ, ಅಂದರೆ ಮೀಡಿಯಂ) ಹಾಕಿ. ಮೀಡಿಯಂ ಬದಲಿಸುವಾಗ ಅಂಚಿನಿಂದ ನಿಧಾನಕ್ಕೆ ಸುರಿಯಿರಿ, ಮಯೋಟ್ಯೂಬ್ ಬೇಗ ಕಿತ್ತು ಬರುತ್ತವೆ.

0, 24, 48, 72 ಗಂಟೆಗಳಲ್ಲಿ ಪ್ರೋಟೀನ್ ತೆಗೆದು ಮಯೋಜೆನಿನ್ ನೋಡಿ. ಅದು ಏರಿಯೂ ಟ್ಯೂಬ್ ಆಗದಿದ್ದರೆ ತೊಂದರೆ ಬೆಸುಗೆಯಲ್ಲಿದೆ: ಕೋಶಗಳ ಸಾಂದ್ರತೆ ಹೆಚ್ಚಿಸಿ, ಜೆಲಟಿನ್ ಲೇಪಿಸಿದ ತಟ್ಟೆ ಬಳಸಿ, ಸೀರಂ ಲಾಟ್ ಬದಲಿಸಿ. ಏರದೇ ಇದ್ದರೆ ಮೈಕೋಪ್ಲಾಸ್ಮಾ (ಕೋಶಗಳಿಗೆ ತಗಲುವ ಸಣ್ಣ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಫೋಟೋ ನೋಡದೆ ಇವೆರಡರಲ್ಲಿ ಯಾವುದು ಅಂತ ಖಚಿತವಾಗಿ ಹೇಳಲಾರೆ. 24ನೇ ಪಾಸೇಜ್‌ನ ಹಳೆಯ ಕೋಶಗಳದ್ದೂ ಒಂದು ತಟ್ಟೆ ಪಕ್ಕದಲ್ಲೇ ಇಡಿ, ವ್ಯತ್ಯಾಸ 72 ಗಂಟೆಯೊಳಗೆ ಕಾಣುತ್ತದೆ.