ಕೆಟ್ಟ ಗಾಳಿ ಎಂದವರು ದಡ್ಡರಲ್ಲ

"ಮಲೇರಿಯಾ ಎಂದರೆ ಇಟಲಿಯ ಮಾತಿನಲ್ಲಿ ಕೆಟ್ಟ ಗಾಳಿ. ಸೊಳ್ಳೆಯಿಂದ ಬರುವ ರೋಗಕ್ಕೆ ಈ ತಪ್ಪು ಹೆಸರೇಕೆ? ನಿಮ್ಮ ಪತ್ರಿಕೆಯಾದರೂ ಇದನ್ನು ಬಿಟ್ಟು ಹೊಸ ಕನ್ನಡ ಪದ ಟಂಕಿಸಲಿ" ಎಂದು ಮಲೆನಾಡಿನ ಓದುಗರೊಬ್ಬರು ಬರೆದಿದ್ದಾರೆ.

ಅರ್ಥ ಸರಿಯಾಗಿಯೇ ಹೇಳಿದ್ದೀರಿ. ಮಾಲಾ ಎಂದರೆ ಕೆಟ್ಟ, ಆರಿಯಾ ಎಂದರೆ ಗಾಳಿ. ನಿಮ್ಮ ಕನ್ನಡದ ಕಳಕಳಿಯೂ ದೊಡ್ಡದು. ಆದರೆ ಇಷ್ಟು ಬೇಗ ತೀರ್ಪು ಕೊಟ್ಟುಬಿಟ್ಟಿರಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ರೋಮ್ ಸುತ್ತಲಿನ ಜೌಗು ಬಯಲನ್ನು ನೆನೆಯಿರಿ. ಬೇಸಿಗೆ ಬಂತೆಂದರೆ ಅನುಕೂಲವಿದ್ದವರು ಗುಡ್ಡದ ಊರುಗಳಿಗೆ ಹೋಗುತ್ತಿದ್ದರು. ಕೆಳಗೇ ಉಳಿದವರು ರಾತ್ರಿಗಾಳಿಗೆ ಹೆದರಿ ಕತ್ತಲಾಗುವ ಮೊದಲೇ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ರೋಗ ಹೊರುವ ಅನಾಫಿಲಿಸ್ ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಕಾರಣ ಗೊತ್ತಿಲ್ಲದಿದ್ದರೂ ಜಾಗ, ಋತು, ಹೊತ್ತು ಮೂರನ್ನೂ ಆ ಜನ ಗುರುತಿಸಿದ್ದರು. ಗಾಳಿಗೆಂದು ಮುಚ್ಚಿದ ಕಿಟಕಿ ಸೊಳ್ಳೆಯನ್ನೂ ತಡೆಯುತ್ತಿತ್ತು! ಇಂಥ ಅನುಭವದಿಂದ ಹುಟ್ಟಿದ ಹೆಸರನ್ನು ತಪ್ಪು ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಬೇಸಿಗೆಯಲ್ಲಿ ರೋಮಿಗೆ ಬಂದು ಜನರನ್ನು ಕೊಲ್ಲುವ ಭಯಂಕರ ಪಿಡುಗು ಎಂದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ 1740ರಲ್ಲಿ ಇಟಲಿಯಿಂದ ಬರೆದ ಕಾಗದದಲ್ಲಿ ಈ ಪದ ಇಂಗ್ಲಿಷಿಗೆ ದಾಟಿತು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಈ ರೋಗ ತರುವ ಪರಾವಲಂಬಿ ಜೀವಿಯನ್ನು ಕಂಡರು. ಬ್ರಿಟಿಷ್ ಸೇನಾವೈದ್ಯ ರೊನಾಲ್ಡ್ ರಾಸ್ ಬೆಂಗಳೂರಿನಲ್ಲಿದ್ದಾಗ ತಮ್ಮ ಬಂಗಲೆಯ ಕಿಟಕಿಯಾಚೆಗಿದ್ದ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ನೋಡಿ, ನೀರು ಚೆಲ್ಲಿಸಿ, ಸೊಳ್ಳೆಕಾಟ ತಗ್ಗಿದ್ದನ್ನು ಗಮನಿಸಿದ್ದರು. ಅವರೇ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಆ ಪರಾವಲಂಬಿಯನ್ನು ಪತ್ತೆ ಹಚ್ಚಿದರು. ಮರುವರ್ಷ ಇಟಲಿಯವರೇ ಆದ ವಿಜ್ಞಾನಿ ಗ್ರಾಸಿ ಮತ್ತು ಸಂಗಡಿಗರು, ಮನುಷ್ಯರಿಗೆ ಮಲೇರಿಯಾ ತರುವುದು ಅನಾಫಿಲಿಸ್ ಎಂದು ತೋರಿಸಿದರು. ಗಾಳಿಯ ವಾದ ಅಲ್ಲಿಗೆ ಮುಗಿಯಿತು. ಹೆಸರು ಮಾತ್ರ ಉಳಿಯಿತು, ಯಾವ ವೈದ್ಯರಿಗೂ ಅದರಿಂದ ಗೊಂದಲವಾಗಲಿಲ್ಲ.

ನಮ್ಮಲ್ಲಿ ಪದ ಟಂಕಿಸುವ ಉತ್ಸಾಹಕ್ಕೆ ಬರವಿಲ್ಲ. ಸಂಸ್ಕೃತದ ತುಂಡುಗಳನ್ನು ಜೋಡಿಸಿ ಪಠ್ಯಪುಸ್ತಕಕ್ಕೆ ಸೇರಿಸುತ್ತೇವೆ, ಮಕ್ಕಳು ಪರೀಕ್ಷೆಗೆ ಉರುಹೊಡೆದು ಮರೆಯುತ್ತಾರೆ. ಅತ್ತ ಜನರ ಬಾಯಲ್ಲಿ ಆಗಲೇ ಇರುವ ಚಳಿಜ್ವರ, ನಡುಕದ ಜ್ವರ ಎಂಬ ಮಾತುಗಳನ್ನು ಯಾರೂ ಕೇಳಿ ಬರೆದಿಟ್ಟುಕೊಳ್ಳುವುದಿಲ್ಲ. ಇದು ನನ್ನ ಬಹುಕಾಲದ ಸಂಕಟ. ಮಲೆನಾಡಿನಲ್ಲಿ ಈ ಜ್ವರ ಮನೆಮನೆ ಮಲಗಿಸಿದ ಕಾಲವನ್ನು ಕಂಡವರು ಇನ್ನೂ ಕೆಲವರಿದ್ದಾರೆ. ನೀವು ಅಲ್ಲಿಯವರೇ. ಹೊಸ ಪದ ಕಟ್ಟುವುದು ಹಾಗಿರಲಿ, ನಿಮ್ಮೂರಿನ ಹಿರಿಯರು ಇದನ್ನು ಏನೆಂದು ಕರೆಯುತ್ತಿದ್ದರು, ಯಾವ ಕಷಾಯ ಕೊಡುತ್ತಿದ್ದರು, ಎಲ್ಲಿ ರಾತ್ರಿ ತಂಗಬೇಡ ಎನ್ನುತ್ತಿದ್ದರು ಎಂದು ಕೇಳಿ ಬರೆದು ಕಳಿಸಿ. ಪೂರ್ತಿ ಪುಟ ಕೊಡುತ್ತೇನೆ.

— ಸಂ.