ಕಾಲುಸಂಕ ಮೊದಲು, ಲೆಟರ್‌ಹೆಡ್ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡದಿಂದ. ಎಲ್ಲವೂ ಹೆಚ್ಚುಕಡಿಮೆ ಒಂದೇ ವಿಷಯ ಕೇಳುತ್ತವೆ: ಊರಿನವರೇ ಸೇರಿ ಊರಿನ ಕೆಲಸ ಮಾಡುವುದು ಹೇಗೆ? ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರೂ ಇಲ್ಲ, ಯಾವ ಕಡೆಯವರು ಅನ್ನೋದಷ್ಟೇ ಇದೆ.

ಪ್ರಶ್ನೆ: ನಾವು ಹತ್ತು-ಹನ್ನೆರಡು ಹುಡುಗರು ಸೇರಿ ಗ್ರಾಮಾಭಿವೃದ್ಧಿ ಸಂಘ ಮಾಡಬೇಕು ಅಂತಿದ್ದೇವೆ. ಮೊದಲು ರಿಜಿಸ್ಟರ್ ಮಾಡಿಸಬೇಕಾ? ರಿಜಿಸ್ಟರ್ ಆಗದ ಸಂಘಕ್ಕೆ ಯಾರೂ ಬೆಲೆ ಕೊಡೋದಿಲ್ಲ ಅಂತಾರೆ. (ಶಿರಸಿ ಕಡೆಯ ಓದುಗರು)

ಬೆಲೆ ಕೊಡೋದು ಕೆಲಸಕ್ಕೆ. ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಕೆಲಸ ಮಾಡಿ ನೋಡಿ. ನಿಮ್ಮ ಕಡೆ ಎಷ್ಟೋ ಕೇರಿಗಳಿಗೆ ಇವತ್ತಿಗೂ ಕಾಲುಸಂಕವೇ ದಾರಿ. ಎರಡು-ಮೂರು ಅಡಿಕೆ ಮರ ಕಡಿದು ಹಳ್ಳಕ್ಕೆ ಅಡ್ಡ ಹಾಕಿ, ಒಂದು ಕಡೆ ಬಿದಿರಿನ ಕೈಹಿಡಿ ಕಟ್ಟಿರುತ್ತಾರೆ. ಆಷಾಢ ಬರುವಷ್ಟರಲ್ಲಿ ಮರದ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲೋದಿಲ್ಲ, ಕೆಳಗೆ ಕೆಂಪು ನೀರು, ಮೇಲೆ ಒಂದು ಕೈಯಲ್ಲಿ ಛತ್ರಿ ಹಿಡಿದು ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡ ಮಕ್ಕಳು. ಮೇ ತಿಂಗಳಲ್ಲೇ ನಿಮ್ಮ ಊರಿನ ಎಲ್ಲ ಸಂಕಗಳನ್ನೂ ಒಮ್ಮೆ ತುಳಿದು ನೋಡಿ. ಲಡ್ಡಾದ ಮರ ಬದಲಿಸಿ. ಕೈಹಿಡಿಯನ್ನು ಎರಡೂ ಕಡೆ ಕಟ್ಟಿ, ಚಿಕ್ಕ ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಇನ್ನೊಂದು ಹಗ್ಗ ಬಿಗಿಯಿರಿ. ಇದಕ್ಕೆ ಯಾವ ರಿಜಿಸ್ಟ್ರೇಶನ್ನೂ ಬೇಡ, ಎರಡು ಭಾನುವಾರ ಸಾಕು. ಜೊತೆಗೆ ಯಾವ ಸಂಕಕ್ಕೆ ಪಕ್ಕಾ ಸೇತುವೆ ಬೇಕೇ ಬೇಕು ಅಂತ ಫೋಟೋ ಸಮೇತ ಬರೆದು ಗ್ರಾಮಸಭೆಯಲ್ಲಿ ಕೊಡಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಎದ್ದು ಬರಬೇಡಿ. ಸೇತುವೆ ಕಟ್ಟೋದು ಪಂಚಾಯ್ತಿ ಮತ್ತು ಸರ್ಕಾರದ ಹೊಣೆ. ಸಂಘ ಹುಟ್ಟಿತು ಅಂತ ಆ ಹೊಣೆ ಅವರ ತಲೆಯಿಂದ ಇಳಿಯಬಾರದು. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಳ್ಳೆ ಸಂಘ ಇರುವ ಊರಲ್ಲಿ, 'ನಿಮ್ಮವರೇ ಮಾಡ್ತಾರಲ್ಲ' ಅಂತ ಪಂಚಾಯ್ತಿ ಕೈ ಕಟ್ಟಿ ಕೂರುವುದು ಸುಲಭ.

ಒಂದು ವರ್ಷ ಆದ ಮೇಲೂ ಹನ್ನೆರಡರಲ್ಲಿ ಏಳೆಂಟು ಜನ ಉಳಿದಿದ್ದರೆ ರಿಜಿಸ್ಟರ್ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಬೇಕು. ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಈ ಕೆಲಸ ಆಗುತ್ತದೆ. ಬೈಲಾವನ್ನು ಬೇರೆ ಸಂಘದ್ದು ನೋಡಿ ಸುಮ್ನೆ ನಕಲು ಮಾಡಬೇಡಿ, ಕೂತು ಒಂದೊಂದೇ ಸಾಲು ಓದಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಕಮಿಟಿಯ ಪಟ್ಟಿ, ಇಷ್ಟನ್ನೂ ತಪ್ಪದೆ ಸಲ್ಲಿಸಬೇಕು. ಎಷ್ಟೋ ಸಂಘಗಳು ಮುಗ್ಗರಿಸುವುದು ಇಲ್ಲೇ.

ಪ್ರಶ್ನೆ: ಮಳೆಗಾಲದಲ್ಲಿ ಮನೆ ಬಾಗಿಲಿಗೆ ನೀರು, ಮಾರ್ಚ್ ಬಂದರೆ ಬಾವಿ ಖಾಲಿ. ನಮ್ಮ ಸಂಘದಿಂದ ಗುಡ್ಡದ ಮೇಲೆ ಇಂಗುಗುಂಡಿ ತೋಡೋಣ ಅಂತ ಮಾತಾಗಿದೆ. ಸರಿನಾ? (ಅಂಕೋಲಾ ಕಡೆಯ ಓದುಗರು)

ಯಾವ ಗುಡ್ಡ ಅನ್ನೋದರ ಮೇಲೆ ಹೋಗುತ್ತೆ. 2024ರ ಜುಲೈ 16ರಂದು ನಿಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೀವು ಮರೆತಿರಲಿಕ್ಕಿಲ್ಲ. 2021ರ ಮಳೆಯಲ್ಲಿ ಯಲ್ಲಾಪುರದ ಕಳಚೆಯಲ್ಲೂ ಗುಡ್ಡ ಜಾರಿ ತೋಟ, ಮನೆ ಹೋದವು. ಕಡಿದಾದ ಇಳಿಜಾರು, ಬುಡವನ್ನು ರಸ್ತೆಗೋ ಮನೆಗೋ ಕಡಿದ ಗುಡ್ಡ, ನೆಲ ಬಿರುಕು ಬಿಟ್ಟ ಜಾಗ, ಮರಗಳು ವಾಲಿದ ಜಾಗ, ಇಲ್ಲೆಲ್ಲ ಗುಂಡಿ ತೋಡಿ ನೀರು ಇಂಗಿಸಬಾರದು. ಮಣ್ಣು ಆಗಲೇ ನೀರು ಕುಡಿದು ಭಾರವಾಗಿರುತ್ತದೆ, ನಾವು ಇನ್ನಷ್ಟು ಕುಡಿಸಿದ ಹಾಗಾಗುತ್ತದೆ. ಅನುಮಾನ ಇದ್ದರೆ ಭೂವಿಜ್ಞಾನ ಗೊತ್ತಿದ್ದವರನ್ನು ಕರೆಸಿ ತೋರಿಸಿ, ಅಲ್ಲಿಯವರೆಗೆ ಗುದ್ದಲಿ ಎತ್ತಬೇಡಿ.

ಅದರ ಬದಲು ಹಳ್ಳಕ್ಕೆ ಕಟ್ಟ ಹಾಕಿ. ಇದು ನಮ್ಮ ಹಿರಿಯರು ಮಾಡಿಕೊಂಡು ಬಂದ ಕೆಲಸ, ಹೊಸದೇನಲ್ಲ. ದೀಪಾವಳಿ ಕಳೆದು ಹಳ್ಳದ ರಭಸ ಇಳಿದಿರಬೇಕು, ಹರಿವು ಮಾತ್ರ ನಿಂತಿರಬಾರದು. ಅದೇ ಹೊತ್ತು. ತಡ ಮಾಡಿ ಫೆಬ್ರವರಿಯಲ್ಲಿ ಕಟ್ಟಿದರೆ ನಿಲ್ಲಿಸೋಕೆ ನೀರೇ ಇರೋದಿಲ್ಲ. ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟಬಹುದು. ಮರಳಿನ ಚೀಲ ಆದರೆ ಮುಕ್ಕಾಲು ಮಾತ್ರ ತುಂಬಿ, ಬಾಯಿ ಹೊಲಿದು, ಇಟ್ಟಿಗೆ ಗೋಡೆಯ ಹಾಗೆ ಸಂದಿಯ ಮೇಲೆ ಸಂದಿ ಬರದಂತೆ ಪೇರಿಸಿ. ಚೀಲ ಬಿರಿಯುವಷ್ಟು ತುಂಬಿದರೆ ಅದು ಒತ್ತಿಕೊಂಡು ಕೂರೋದಿಲ್ಲ, ನಡುವೆ ನೀರು ಸೋರುತ್ತದೆ. ನೀರು ಬರುವ ಕಡೆಗೆ ತಾಡಪಾಲು ಹೊದಿಸಿ ಅದರ ಅಂಚನ್ನು ಕೆಸರಿನಲ್ಲಿ ಹೂಳಿ. ನಟ್ಟನಡುವೆ ಒಂದು ತಗ್ಗು ಬಿಡಿ, ತುಂಬಿದ ನೀರು ಅಲ್ಲಿಂದಲೇ ಇಳಿಯಲಿ, ಅದು ಬೀಳುವ ಜಾಗಕ್ಕೆ ಚಪ್ಪಟೆ ಕಲ್ಲು ಹಾಸಿ. ಕೆಳಗಿನ ಊರಿನವರಿಗೂ ನೀರು ಹೋಗಬೇಕು, ಅಲ್ವಾ? ಅದಕ್ಕೇ ಒಂದೇ ದೊಡ್ಡ ಕಟ್ಟಕ್ಕಿಂತ ಹಳ್ಳದ ಮೇಲಿನಿಂದ ಕೆಳಗಿನವರೆಗೆ ನಾಲ್ಕೈದು ಚಿಕ್ಕ ಕಟ್ಟ ಒಳ್ಳೆಯದು. ಅರಣ್ಯದ ಜಾಗ ಆದರೆ ಮೊದಲೇ ಇಲಾಖೆಯವರ ಒಪ್ಪಿಗೆ ಪಡೆಯಿರಿ. ಇನ್ನು, ಮೇ ಕೊನೆಯಲ್ಲಿ ಚೀಲ, ತಾಡಪಾಲು ಎಲ್ಲ ತೆಗೆಯಲೇಬೇಕು. ಬಿಟ್ಟರೆ ಮೊದಲ ಮಳೆಗೇ ಪ್ಲಾಸ್ಟಿಕ್ಕೆಲ್ಲ ಗಂಗಾವಳಿ ಸೇರಿ ಸಮುದ್ರಕ್ಕೆ ಹೋಗುತ್ತದೆ. ಕಟ್ಟುವ ದಿನ ಫೋಟೋಕ್ಕೆ ಎಲ್ಲರೂ ಇರುತ್ತಾರೆ, ಬಿಚ್ಚುವ ದಿನ ಯಾರೂ ಇರೋದಿಲ್ಲ. ಅದಕ್ಕೆ ಬಿಚ್ಚುವ ತಾರೀಖನ್ನೂ ಕಟ್ಟುವ ದಿನವೇ ಬರೆದಿಡಿ.

ಪ್ರಶ್ನೆ: ನಮ್ಮ ಸಂಘಕ್ಕೆ ಹತ್ತು ವರ್ಷದಿಂದ ಒಬ್ಬರೇ ಅಧ್ಯಕ್ಷರು. ಒಳ್ಳೆಯವರೇ. ಆದರೆ ಲೆಕ್ಕ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. (ಹೊನ್ನಾವರ)

ಲೆಕ್ಕ ಕೇಳೋದು ಅನುಮಾನ ಅಲ್ಲ, ಅದು ಸದಸ್ಯರ ಹಕ್ಕು. ಒಬ್ಬರನ್ನೇ ಕೇಳಿದ ಹಾಗೆ ಆಗದಿರಲು ಒಂದು ಪದ್ಧತಿ ಮಾಡಿ: ಪ್ರತಿ ಸಭೆ ಶುರುವಾಗೋದೇ ಜಮಾ-ಖರ್ಚು ಓದುವುದರಿಂದ. ಓದುವವರು ಪ್ರತಿ ಸಲ ಬೇರೆ. ಅಧಿಕಾರದ ಅವಧಿಯನ್ನು ಬೈಲಾದಲ್ಲೇ ಸೇರಿಸಿ.

ಪ್ರಶ್ನೆ: ಶ್ರಮದಾನ ಇದ್ದ ದಿನ ಅಡುಗೆಗೆ ನಾವು ಬೇಕು, ಸಭೆಗೆ ಬೇಡ. ಕೇಳಿದರೆ 'ಕರೆದರೂ ಹೆಂಗಸರು ಬರೋದಿಲ್ಲ' ಅಂತಾರೆ. (ಸಿದ್ದಾಪುರ ಕಡೆಯ ಓದುಗರು)

ರಾತ್ರಿ ಎಂಟಕ್ಕೆ ಸಭೆ ಕರೆದರೆ ಹೇಗೆ ಬರ್ತಾರೆ? ಅದರಲ್ಲೂ ಕೊಯ್ಲಿನ ದಿನಗಳಲ್ಲಿ ಆ ಹೊತ್ತಿಗೆ ಹೆಂಗಸರು ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಸಭೆಯನ್ನು ಅಲ್ಲಿಗೇ ಒಯ್ಯಲಿ! ಸುಲಿಯುವ ಕೈ ಸುಲಿಯುತ್ತಿರಲಿ, ಮಾತು ನಡೆಯಲಿ. ಮಧ್ಯಾಹ್ನ ಊಟದ ನಂತರದ ಹೊತ್ತೂ ಆದೀತು. ಅದಕ್ಕಿಂತ ಮುಖ್ಯ, ಬ್ಯಾಂಕ್ ಖಾತೆಗೆ ಜಂಟಿ ಸಹಿ ಇರಲಿ, ಅದರಲ್ಲಿ ಒಂದು ಸಹಿ ಹೆಂಗಸರದ್ದೇ ಆಗಿರಲಿ. ನಿಮ್ಮ ಸ್ವಸಹಾಯ ಗುಂಪಿನವರು ವಾರವಾರ ಉಳಿತಾಯ, ಸಾಲ, ಕಂತು ಎಲ್ಲ ಪೈಸೆ ತಪ್ಪದೆ ಬರೆಯುತ್ತೀರಿ. ಊರಲ್ಲಿ ಲೆಕ್ಕ ಗೊತ್ತಿರುವವರು ನೀವೇ. ಖಜಾಂಚಿ ಸ್ಥಾನ ಕೇಳಿ ತಗೊಳ್ಳಿ. ಇನ್ನು ಶ್ರಮದಾನದ ಅಡುಗೆ, ಅದನ್ನೂ ಸರದಿಯಲ್ಲಿ ಗಂಡಸರು ಮಾಡಲಿ.

ಪ್ರಶ್ನೆ: ಅರಣ್ಯ ಹಕ್ಕಿನ ಅರ್ಜಿ ತುಂಬಿಕೊಡಲು ನಮ್ಮ ಸಂಘಕ್ಕೆ ಜನ ಬರುತ್ತಿದ್ದಾರೆ. 75 ವರ್ಷದ ದಾಖಲೆ ಯಾರ ಹತ್ತಿರವೂ ಇಲ್ಲ. ಏನು ಮಾಡೋದು? (ಜೋಯಿಡಾ ಕಡೆಯ ಓದುಗರು)

ಇದು ನಿಮ್ಮ ಸಂಘ ಮಾಡಬಹುದಾದ ಬಹಳ ದೊಡ್ಡ ಕೆಲಸ, ದಯವಿಟ್ಟು ಕೈಬಿಡಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ 75 ವರ್ಷದ ಷರತ್ತು ಇರೋದು ಇತರ ಪಾರಂಪರಿಕ ಅರಣ್ಯವಾಸಿಗಳಿಗೆ. ಪರಿಶಿಷ್ಟ ಪಂಗಡದವರಿಗೆ ಅದಿಲ್ಲ. ನಿಮ್ಮ ಜಿಲ್ಲೆಯ ಸಿದ್ದಿಗಳು ಆ ಪಟ್ಟಿಯಲ್ಲಿದ್ದಾರೆ, ಅವರಿಂದ 75 ವರ್ಷದ್ದು ಕೇಳುವಂತಿಲ್ಲ. ಉಳಿದವರಿಗೂ, ಆ ಭಾಗದ ಕಾಡನ್ನು ನಂಬಿ ಮೂರು ತಲೆಮಾರು ಬದುಕಿದ್ದು ತೋರಿಸಬೇಕೇ ಹೊರತು ಅದೇ ತುಂಡು ಜಮೀನನ್ನು 75 ವರ್ಷ ಉಳುಮೆ ಮಾಡಿದ್ದಲ್ಲ. ಇಷ್ಟು ಗೊತ್ತಾದರೇ ಎಷ್ಟೋ ಜನರ ಭಯ ಹೋಗುತ್ತದೆ. ಜಮೀನಿನ ಮೇಲೆ ಮಾತ್ರ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಇದ್ದಿರಬೇಕು.

ದಾಖಲೆ ಅಂದರೆ ಕಾಗದ ಮಾತ್ರ ಅಲ್ಲ. ಹಳೆಯ ಬಾವಿ, ಒಡ್ಡು, ಸಮತಟ್ಟು ಮಾಡಿದ ಗದ್ದೆ, ಮಸಣ, ದೇವರ ಬನ ಇವೂ ನಿಯಮದಲ್ಲಿ ಸಾಕ್ಷ್ಯಗಳೇ. ಊರಿನ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷ್ಯ. ಅರ್ಜಿದಾರರ ಹೇಳಿಕೆ ಅಲ್ಲ, ಬೇರೆ ಹಿರಿಯರದ್ದು. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇರಲಿ. ತೊಂಬತ್ತು ದಾಟಿದ ಅಜ್ಜ-ಅಜ್ಜಿಯರು ಇದ್ದರೆ ಮೊದಲು ಅವರ ಮನೆಗೆ ಹೋಗಿ, ಮುಂದಿನ ವರ್ಷ ಅಂತ ಇಟ್ಟುಕೊಳ್ಳಬೇಡಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಮೇಲಿನ ಸಮಿತಿಗೆ ಹೋಗಲು 60 ದಿನ ಇರುತ್ತದೆ. ಪ್ರತಿ ಅರ್ಜಿಯ ಸ್ವೀಕೃತಿ ರಶೀದಿಯ ಜೆರಾಕ್ಸ್ ಸಂಘದಲ್ಲೂ ಒಂದು ಇರಲಿ. ಮತ್ತೆ, ಅರ್ಜಿ ತುಂಬಿಕೊಡಲು ಒಂದು ರೂಪಾಯಿಯನ್ನೂ ತಗೊಳ್ಳಬೇಡಿ, ತಗೊಳ್ಳುವವರನ್ನು ಹತ್ತಿರ ಸೇರಿಸಬೇಡಿ.

ಪ್ರಶ್ನೆ: ಗಜನಿಯಲ್ಲಿ (ಅಳಿವೆ ಪಕ್ಕದ ಉಪ್ಪು ನೀರಿನ ಗದ್ದೆಯಲ್ಲಿ) ಮತ್ತೆ ಕಗ್ಗ ಭತ್ತ ಬೆಳೆಯಬೇಕು ಅಂತ ಆಸೆ. ನಾಲ್ಕೇ ಜನ ತಯಾರಿದ್ದೇವೆ. ಆಗುತ್ತಾ? (ಕುಮಟಾ)

ನಾಲ್ಕೇ ಜನ ಬಿತ್ತಿದರೆ ಹಕ್ಕಿಗಳ ಪಾಲಾಗುತ್ತೆ, ಸುತ್ತಲೂ ಬೇರೆ ಪೈರೇ ಇರೋದಿಲ್ಲವಲ್ಲ. ಕಗ್ಗ ಉಪ್ಪು ನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ಭತ್ತ, ಗೊಬ್ಬರವನ್ನೂ ಕೇಳೋದಿಲ್ಲ, ಆದರೆ ಒಂಟಿ ರೈತನ ಬೆಳೆ ಅಲ್ಲ. ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನೀರು ನುಗ್ಗುತ್ತೆ. ಭರತ-ಇಳಿತ ನೋಡಿ ಜಂತ್ರಡಿ (ಕಟ್ಟೆಯ ನೀರಿನ ಬಾಗಿಲು) ಹಾಕುವುದು, ತೆಗೆಯುವುದು ಒಬ್ಬರ ಇಷ್ಟದಂತೆ ನಡೆಯೋದಿಲ್ಲ. ಅದಕ್ಕೆ ಮೊದಲು ಬೀಜದ ಮಾತು ಬಿಟ್ಟು ಕಟ್ಟೆಯ ಮಾತು ಎತ್ತಿ. ನಿಮ್ಮ ಗಜನಿಯ ಎಲ್ಲ ಹಿಡುವಳಿದಾರರ ಪಟ್ಟಿ ಮಾಡಿ, ಮುಂಬೈ-ಗೋವಾದಲ್ಲಿ ಇರುವವರಿಗೂ ಫೋನ್ ಮಾಡಿ. ಸಿಗಡಿಗೆ ಗುತ್ತಿಗೆ ಕೊಟ್ಟವರ ಜೊತೆ ಜಗಳ ಬೇಡ, ಅವರ ಗುತ್ತಿಗೆ ಯಾವಾಗ ಮುಗಿಯುತ್ತದೆ ಅನ್ನೋದನ್ನು ಬರೆದುಕೊಳ್ಳಿ. ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ, ಕಟ್ಟೆ ರಿಪೇರಿಗೆ ಅರ್ಜಿ ಕೊಡುವಾಗ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಈ ಮಳೆಗಾಲಕ್ಕೆ ಆಗದಿದ್ದರೂ ಪರವಾಗಿಲ್ಲ. ಆದರೆ ಕಗ್ಗದ ಬೀಜ ಇನ್ನೂ ಇಟ್ಟುಕೊಂಡವರು ಯಾರಿದ್ದಾರೆ ಹುಡುಕಿ, ಒಂದಿಷ್ಟು ತಂದು ಚಿಕ್ಕ ಜಾಗದಲ್ಲಿ ಬಲೆ ಹಾಕಿ ಬೆಳೆದು ಬೀಜ ಮಾಡಿಕೊಳ್ಳಿ.