ಖಾನಾವಳಿ, ಹೋಟೆಲ್ ಊಟದ ಕ್ಯಾಲೊರಿ ಲೆಕ್ಕ ಎಲ್ಲಿ ತಪ್ಪುತ್ತದೆ?

ನೀವು ಕೇಳಿದ್ದು ಇಷ್ಟು: ವಿಜಯಪುರದಲ್ಲಿ ಕೆಲಸ, ವಾರದಲ್ಲಿ ಆರು ದಿನ ಮಧ್ಯಾಹ್ನ ಖಾನಾವಳಿ ಊಟ, ಶನಿವಾರ ರಾತ್ರಿ ಮನೆಯವರ ಜೊತೆ ಹೋಟೆಲ್. ನಿಮ್ಮ ಎತ್ತರ, ತೂಕಕ್ಕೆ ದಿನಕ್ಕೆ 2,300 ಕ್ಯಾಲೊರಿ ಬೇಕು, ಆ್ಯಪಿನ ಪ್ರಕಾರ ತಿನ್ನುತ್ತಿರುವುದು 1,700. ಆದರೂ ಮೂರು ತಿಂಗಳಿಂದ ತೂಕ ಕದಲಿಲ್ಲ, ಥೈರಾಯ್ಡ್ ಪರೀಕ್ಷೆಯೂ ಸರಿಯಾಗಿದೆ. ಮಧ್ಯಾಹ್ನದ ಊಟವನ್ನು ನೀವು "ರೊಟ್ಟಿ 2, ಪಲ್ಯ 2, ಅನ್ನ ಸಾರು" ಎಂದು ಬರೆದು 750 ಹಾಕಿದ್ದೀರಿ. ನನ್ನ ಪ್ರಕಾರ ತಪ್ಪು ಅಲ್ಲಿಯೇ ಇದೆ. ತಿಂದ ಪದಾರ್ಥಗಳ ಹೆಸರು ಒಂದೂ ಬಿಟ್ಟಿಲ್ಲ, ಆದರೆ ಎಷ್ಟು ತಿಂದಿರಿ ಎಂಬುದು ಎಲ್ಲೂ ಇಲ್ಲ.

ಆ ತಾಟನ್ನು ಬಿಡಿಸಿ ನೋಡಿ. ಖಾನಾವಳಿಯ ಬಿಳಿಜೋಳದ ರೊಟ್ಟಿ ಸಾಮಾನ್ಯವಾಗಿ ಮನೆಯದಕ್ಕಿಂತ ಅಗಲ. ಒಂದಕ್ಕೆ 60 ಗ್ರಾಂ ಹಿಟ್ಟು ಅಂತ ಹಿಡಿಯೋಣ. ಜೋಳದ ಹಿಟ್ಟಿಗೆ 100 ಗ್ರಾಂಗೆ ಸುಮಾರು 335 ಕ್ಯಾಲೊರಿ, ಹಾಗಾಗಿ ಎರಡು ರೊಟ್ಟಿಗೆ 400. ಎಣ್ಣೆಗಾಯಿ ಒಂದು ವಾಟಿ: ಬದನೆಕಾಯಿಯ ಪಾಲು ಬರೀ 25, ಆದರೆ ಒಳಗೆ ತುಂಬಿದ ಶೇಂಗಾ, ಎಳ್ಳು, ಒಣಕೊಬ್ಬರಿ 20 ಗ್ರಾಂ ಇದ್ದರೆ 110, ಎಣ್ಣೆ 15 ಗ್ರಾಂ ಇದ್ದರೆ 135. ಒಟ್ಟು 270. ಮಡಕಿಕಾಳಿನ ಪಲ್ಯ ಒಗ್ಗರಣೆಯ ಎಣ್ಣೆ ಸೇರಿ 170. ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) 10 ಗ್ರಾಂ, ಅದರ ಮೇಲೆ ಹಾಕಿಸಿಕೊಂಡ ಎರಡು ಸಣ್ಣ ಚಮಚ ಎಣ್ಣೆ, ಎರಡೂ ಸೇರಿ 130. ಅನ್ನ 250 ಗ್ರಾಂ, ಅಂದರೆ 325. ಸಾರು 80, ಮೊಸರು 50, ಕರಿದ ಹಪ್ಪಳ 75. ಕೂಡಿಸಿದರೆ 1,500. ಎರಡನೇ ಸಲ ಹಾಕಿಸಿಕೊಂಡ ಅನ್ನ ಇದರಲ್ಲಿ ಸೇರಿಲ್ಲ.

ಕಾಗದದ ಮೇಲೆ ನೀವು ದಿನಕ್ಕೆ 600ರಂತೆ ವಾರಕ್ಕೆ 4,200 ಕ್ಯಾಲೊರಿ ಕಡಿಮೆ ತಿನ್ನುತ್ತಿದ್ದೀರಿ. ಮಧ್ಯಾಹ್ನದ ಊಟದ ತಪ್ಪು ದಿನಕ್ಕೆ 750ರಂತೆ ಆರು ದಿನಕ್ಕೆ 4,500. ಶನಿವಾರ ರಾತ್ರಿಯ ತನಕ ಹೋಗಬೇಕಾಗಿಯೇ ಇಲ್ಲ. ನಿಮ್ಮ ದೇಹದಲ್ಲಿ ದೋಷ ಇಲ್ಲ, ಶಿಸ್ತಿನಲ್ಲೂ ಇಲ್ಲ. ದಯವಿಟ್ಟು ಇದನ್ನು ಮನಸ್ಸಿಗೆ ಹಚ್ಚಿಕೊಂಡು ರಾತ್ರಿ ಉಪವಾಸ ಶುರು ಮಾಡಬೇಡಿ.

ಮೇಲಿನ ಲೆಕ್ಕದಲ್ಲಿ ಎಣ್ಣೆಯನ್ನು ಮಾತ್ರ ಬೇರೆ ಮಾಡಿ ನೋಡಿ: ಎಣ್ಣೆಗಾಯಿಯಲ್ಲಿ 15 ಗ್ರಾಂ, ಕಾಳಿನಲ್ಲಿ 7, ಹಿಂಡಿಯ ಮೇಲೆ 9, ಹಪ್ಪಳದಲ್ಲಿ 4. ಒಟ್ಟು 35 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲೊರಿಯ ದಿನಕ್ಕೆ ಸೂಚಿಸುವ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ. ಒಂದು ಹೊತ್ತಿನಲ್ಲಿ ಇಡೀ ದಿನದ ಪಾಲು ದಾಟಿತು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪಿಷ್ಟ, ಸಕ್ಕರೆಗೂ ಪ್ರೋಟೀನಿಗೂ 4. ಅದಕ್ಕೇ ಎಣ್ಣೆಯ ಅಂದಾಜು ಸ್ವಲ್ಪ ತಪ್ಪಿದರೂ ಒಟ್ಟು ಲೆಕ್ಕ ದೊಡ್ಡದಾಗಿ ತಪ್ಪುತ್ತದೆ. 5 ಮಿ.ಲೀ.ಯ ಸಣ್ಣ ಚಮಚ ಎಣ್ಣೆಗೆ 40, 15 ಮಿ.ಲೀ.ಯ ದೊಡ್ಡ ಚಮಚಕ್ಕೆ 120 ಎಂಬ ಎರಡು ಸಂಖ್ಯೆ ಬಾಯಿಪಾಠ ಇರಲಿ.

ಕಣ್ಣಿನ ಅಂದಾಜು ಯಾಕೆ ಕೈಕೊಡುತ್ತದೆ? ನಾವು ನೋಡುವುದು ಅಗಲವನ್ನು, ತಿನ್ನುವುದು ಅಗಲ, ಉದ್ದ, ಎತ್ತರ ಮೂರನ್ನೂ. 9 ಇಂಚಿನ ರೊಟ್ಟಿ 11 ಇಂಚು ಆದರೆ ಕಣ್ಣಿಗೆ "ತುಸು ದೊಡ್ಡದು" ಅಷ್ಟೇ. ದಪ್ಪ ಅಷ್ಟೇ ಇದ್ದರೆ ಹಿಟ್ಟು ಸುಮಾರು ಒಂದೂವರೆ ಪಟ್ಟು. ಅನ್ನದ ರಾಶಿಯಲ್ಲಿ ಇದು ಇನ್ನೂ ಹೆಚ್ಚು: ಸುತ್ತಲೂ ಎತ್ತರದಲ್ಲೂ ಕಾಲುಭಾಗ ಬೆಳೆದ ರಾಶಿಯಲ್ಲಿ ಅನ್ನ ಹತ್ತಿರಹತ್ತಿರ ಎರಡು ಪಟ್ಟು ಇರುತ್ತದೆ. ಹಾಗಾಗಿ ಸಣ್ಣ ಊಟದ ಅಂದಾಜು ಎಷ್ಟೋ ಸರಿ ಬರುತ್ತದೆ, ಊಟ ದೊಡ್ಡದಾದಂತೆ ತಪ್ಪೂ ದೊಡ್ಡದಾಗುತ್ತದೆ. ಮನೆಯ ಎರಡು ರೊಟ್ಟಿಯ ಲೆಕ್ಕ ಸರಿಯಾಗಿ ಬರೆಯುವವರೂ ಖಾನಾವಳಿಯಲ್ಲಿ ಎಡವುವುದು ಹೀಗೆ.

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಜನರ ಅಂದಾಜನ್ನು ಅವರು ನಿಜವಾಗಿ ಕೊಂಡದ್ದರ ಜೊತೆ ಹೋಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಎರಡು ಪಾಲು ಜನ ಕಡಿಮೆ ಹೇಳಿದ್ದರು, ಕಾಲುಭಾಗದಷ್ಟು ಜನರ ತಪ್ಪು 500 ಕ್ಯಾಲೊರಿ ಅಥವಾ ಅದಕ್ಕೂ ಹೆಚ್ಚು. 2018ರ ಇನ್ನೊಂದು ಅಧ್ಯಯನದಲ್ಲಿ ಐದು ದೇಶಗಳ ಹೋಟೆಲ್ ಊಟಗಳನ್ನು ಪ್ರಯೋಗಾಲಯದಲ್ಲಿ ಸುಟ್ಟು ಅಳೆದರು. ಭಾರತದಿಂದ ಬೆಂಗಳೂರು ಅದರಲ್ಲಿತ್ತು. ಕುಳಿತು ಊಟ ಮಾಡುವ ಹೋಟೆಲುಗಳ ಒಂದು ಊಟದ ಸರಾಸರಿ 1,317 ಕ್ಯಾಲೊರಿ ಬಂತು, ಫಾಸ್ಟ್‌ಫುಡ್ಡಿನದು 809. ಬರ್ಗರ್ ಬಿಟ್ಟು ತಾಟಿನ ಊಟಕ್ಕೆ ಕುಳಿತ ಮಾತ್ರಕ್ಕೆ ಹಗುರ ಊಟ ಆಯಿತು ಅಂದುಕೊಳ್ಳುವಂತಿಲ್ಲ.

"ಹೊಟ್ಟೆ ತುಂಬಿದಾಗ ನಿಲ್ಲಿಸುತ್ತೇನೆ" ಅಂತಲೂ ಬರೆದಿದ್ದೀರಿ. ಮುಂದೆ ಹೆಚ್ಚು ಇಟ್ಟರೆ ಹೊಟ್ಟೆ ಆ ಮಾತು ಕೇಳುವುದಿಲ್ಲ. 2002ರ ಒಂದು ಪ್ರಯೋಗದಲ್ಲಿ ಒಂದೇ ತಿನಿಸನ್ನು ಬೇರೆ ಬೇರೆ ದಿನ 500 ಗ್ರಾಂನಿಂದ 1,000 ಗ್ರಾಂವರೆಗೆ ಇಟ್ಟು ನೋಡಿದರು. ಅತಿ ದೊಡ್ಡ ಪಾಲು ಇಟ್ಟ ದಿನ ಅತಿ ಸಣ್ಣ ಪಾಲಿನ ದಿನಕ್ಕಿಂತ 30% ಹೆಚ್ಚು ಕ್ಯಾಲೊರಿ ತಿಂದರು, ಆದರೆ ಹೊಟ್ಟೆ ತುಂಬಿದ ಭಾವನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಖಾನಾವಳಿಯಲ್ಲಿ ತಾಟು ಬರಿದಾಗುವ ಮೊದಲೇ ಇನ್ನೊಂದು ರೊಟ್ಟಿ ಬಂದು ಬೀಳುತ್ತದೆ. ಬಡಿಸುವವರ ಪ್ರೀತಿ ಅದು. ಆದರೆ "ಇಲ್ಲಿಗೆ ಮುಗಿಯಿತು" ಅಂತ ತಿಳಿಯುವ ಗುರುತೇ ತಾಟಿನಲ್ಲಿ ಉಳಿಯುವುದಿಲ್ಲ.

ಈಗ ಮಾಡಬೇಕಾದ್ದು. 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ತನ್ನಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೀವು ದಿನಾ ಉಣ್ಣುವ ಅದೇ ಊಟವನ್ನು ಒಂದು ದಿನ ಪಾರ್ಸಲ್ ತಂದು, ತಿನ್ನುವ ಮೊದಲು ಒಂದೊಂದನ್ನೇ ತೂಗಿ. ಖಾಲಿ ವಾಟಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಆಮೇಲೆ ಸುರಿಯಿರಿ. ಪಾರ್ಸಲ್ ಪಾಲು ಮತ್ತು ಕುಳಿತು ಉಂಡಾಗಿನ ಪಾಲು ಒಂದೇ ಇರುವುದಿಲ್ಲ. ಅದಕ್ಕೆ ಖಾನಾವಳಿಯಲ್ಲಿ ಎಷ್ಟು ಸೌಟು ಅನ್ನ ಬೀಳುತ್ತದೆ ಎಣಿಸಿಕೊಂಡು ಬಂದು, ಮನೆಯಲ್ಲಿ ಅದೇ ಗಾತ್ರದ ಸೌಟಿನಿಂದ ಅಷ್ಟೇ ಹಾಕಿ ತೂಗಿ. ಹೀಗೆ ನಾಲ್ಕೈದು ಸಲ ಮಾಡಿದರೆ ಕಣ್ಣು ಪಳಗುತ್ತದೆ. ಜೀವನಪೂರ್ತಿ ತೂಗುತ್ತ ಕೂಡಬೇಕಿಲ್ಲ.

ತೂಗಿದ ಮೇಲೂ ತಪ್ಪಾಗುವುದು ನೀರಿನಿಂದ. ಬೇಯಿಸಿದ ಅನ್ನ 100 ಗ್ರಾಂಗೆ 130, ಅಕ್ಕಿ 100 ಗ್ರಾಂಗೆ 350. ಆ್ಯಪಿನಲ್ಲಿ ಎರಡಕ್ಕೂ "ರೈಸ್" ಅಂತಲೇ ಇರಬಹುದು, ನೋಡಿ ಆರಿಸಿ. ಮೆತ್ತನೆಯ ರೊಟ್ಟಿಯ ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ನೀರೇ ಇರುತ್ತದೆ, 100 ಗ್ರಾಂಗೆ 210ರ ಆಸುಪಾಸು ಹಿಡಿಯಿರಿ. ಖಡಕ್ ರೊಟ್ಟಿಯಲ್ಲಿ ನೀರು ಇಲ್ಲದಂತೆಯೇ, ಅದು ಬಹುತೇಕ ಹಿಟ್ಟಿನ ತೂಕವೇ, ಹಾಗಾಗಿ 100 ಗ್ರಾಂಗೆ 330ರ ಮೇಲೆ. ತೆಳ್ಳಗಿದೆ, ಕರಕರ ಅನ್ನುತ್ತದೆ ಅಂತ ನಾಲ್ಕು ಖಡಕ್ ರೊಟ್ಟಿಯನ್ನು "ಎರಡರ ಸಮ" ಅಂತ ಬರೆಯುವವರು ಒಮ್ಮೆ ತೂಗಿ ನೋಡಬೇಕು. ಇದರ ಜೊತೆಗೇ ಹೇಳಿಬಿಡುತ್ತೇನೆ: ಜೋಳ ಒಳ್ಳೆಯದು, ನಾರಿದೆ, ಹಸಿವು ತಡೆಯುತ್ತದೆ. ಆದರೆ ಕ್ಯಾಲೊರಿಯಲ್ಲಿ ಅದು ಗೋಧಿ ಹಿಟ್ಟಿಗೆ ಹೆಚ್ಚುಕಡಿಮೆ ಸಮ.

ಎಣ್ಣೆಯನ್ನು ತಕ್ಕಡಿ ತೋರಿಸುವುದಿಲ್ಲ. ಎಣ್ಣೆಗಾಯಿಯ ರಸ, ಸಾವಜಿ ಹೋಟೆಲಿನ ರಸ್ಸಾ, ಬೆಳಗಾವಿ ಕಡೆಯ ಮಿಸಳ್ ಕಟ್ಟು, ಯಾವುದೇ ಇರಲಿ, ಉದ್ದನೆಯ ಗಾಜಿನ ಲೋಟಕ್ಕೆ ಸುರಿದು ಅರ್ಧ ತಾಸು ಅಲುಗಾಡಿಸದೆ ಬಿಡಿ. ಮೇಲೆ ತೇಲಿದ ಎಣ್ಣೆಯನ್ನು ಚಮಚದಿಂದ ತೆಗೆದು ಎಷ್ಟು ಚಮಚ ಅಂತ ಎಣಿಸಿ. ಮಸಾಲೆ, ಶೇಂಗಾ ಪುಡಿಯಲ್ಲಿ ಕೂಡಿಕೊಂಡಿರುವುದು ಮೇಲೆ ಬರುವುದಿಲ್ಲ, ಅದಕ್ಕೆ ಒಂದು ಚಮಚ ಹೆಚ್ಚಿಗೆ ಹಿಡಿಯಿರಿ. ಅಂದಾಜಿನಲ್ಲಿ ಸಂಶಯ ಬಂದಾಗಲೆಲ್ಲ ಹೆಚ್ಚಿನ ಕಡೆ ಬರೆಯುವುದೇ ಸರಿ, ಯಾಕೆಂದರೆ ನಮ್ಮ ತಪ್ಪು ಹೆಚ್ಚಾಗಿ ಕಡಿಮೆ ಕಡೆಗೇ ವಾಲುತ್ತದೆ.

ಖಾನಾವಳಿ ಬಿಡಬೇಡಿ ಅಂತ ಒತ್ತಿ ಹೇಳುತ್ತೇನೆ. ಕಾಳು, ಸೊಪ್ಪು, ಪಚಡಿ, ಮೊಸರು ಇಷ್ಟನ್ನು ಒಂದೇ ತಾಟಿನಲ್ಲಿ ಕೊಡುವ ಊಟ ಕಡಿಮೆ ದುಡ್ಡಿಗೆ ಬೇರೆಲ್ಲಿ ಸಿಗುತ್ತದೆ? ಬದಲಿಸಬೇಕಾದ್ದು ಮೂರು ನಾಲ್ಕು ಮಾತ್ರ. ಕೂತ ಕೂಡಲೇ, ತಾಟಿಗೆ ಬೀಳುವ ಮೊದಲೇ ಹೇಳಬೇಕು: "ಅಣ್ಣಾರ, ಹಿಂಡಿ ಮ್ಯಾಲೆ ಎಣ್ಣಿ ಬ್ಯಾಡ್ರಿ, ಮೊಸರ ಹಾಕ್ರಿ. ಅನ್ನ ಒಂದ ಸೌಟ ಸಾಕ್ರಿ." ಬಿದ್ದ ಮೇಲೆ ಬಿಡುವುದು ನಮ್ಮ ಕಡೆಯವರಿಗೆ ಆಗುವುದಿಲ್ಲ, ಅನ್ನ ಚೆಲ್ಲಬಾರದೆಂಬ ಸಂಸ್ಕಾರ ಒಳ್ಳೆಯದೇ. ಅದಕ್ಕೇ ಮೊದಲು ಹೇಳುವುದು. ಎಣ್ಣೆ ಬಿಟ್ಟರೆ 80 ಉಳಿಯಿತು, ಅನ್ನ 250 ಗ್ರಾಂನಿಂದ 100ಕ್ಕೆ ಇಳಿದರೆ 195, ಹಪ್ಪಳ ಬಿಟ್ಟರೆ 75. ಎಣ್ಣೆಗಾಯಿಯಲ್ಲಿ ಕಾಯಿ, ಮಸಾಲೆ ತಿಂದು ತಳದ ಎಣ್ಣೆಯನ್ನು ರೊಟ್ಟಿಯಿಂದ ಒರೆಸದೆ ಬಿಟ್ಟರೆ ಇನ್ನೊಂದು 60-70. ಎಲ್ಲ ಸೇರಿ 400ಕ್ಕೂ ಹೆಚ್ಚು, ಎರಡು ರೊಟ್ಟಿ ಹಾಗೆಯೇ ಇವೆ. ಕಾಳಿನ ಪಲ್ಯ ಕಡಿಮೆ ಮಾಡಬೇಡಿ, ಸಂಜೆ ತನಕ ಹಸಿವು ತಡೆಯುವುದು ಅದೇ. ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಮೆಂತ್ಯಸೊಪ್ಪು ಎಷ್ಟು ಬೇಕಾದರೂ ಕೇಳಿ.

ಇಷ್ಟು ಮಾಡಿದ ಮೇಲೂ ಊಟ ಸುಮಾರು 1,100 ಆಗುತ್ತದೆ. ಅದನ್ನು 1,100 ಎಂದೇ ಬರೆಯಿರಿ, ಮತ್ತೆ 750ಕ್ಕೆ ಇಳಿಸಬೇಡಿ.

ಶನಿವಾರದ ಹೋಟೆಲಿನಲ್ಲಿ ಬಡಿಸುವವರು ಇಲ್ಲ, ಆದರೆ ಒಂದು ಪ್ಲೇಟ್ ಎಂದರೆ ಎಷ್ಟು ಜನರಿಗೆ ಎಂದು ಯಾರೂ ಹೇಳುವುದಿಲ್ಲ. ಪನೀರ್ ಮಸಾಲಾ ಒಂದು ಪ್ಲೇಟಿಗೆ ಬೆಣ್ಣೆ, ಗೋಡಂಬಿ, ಕೆನೆ ಸೇರಿ ಸುಮಾರು 800. ಬಟರ್ ನಾನ್ ಒಂದಕ್ಕೆ 350. ಜೀರಾ ರೈಸ್ ಫುಲ್ ಪ್ಲೇಟಿನಲ್ಲಿ 400 ಗ್ರಾಂ ಮೇಲೆ ಅನ್ನ ಇರುತ್ತದೆ, ಎಣ್ಣೆ ಸೇರಿ 650ರಿಂದ 700. ಇಬ್ಬರು ಪನೀರ್ ಒಂದು, ನಾನ್ ಮೂರು, ರೈಸ್ ಒಂದು ಹೇಳಿದರೂ ತಲೆಗೆ 1,250 ಬರುತ್ತದೆ. ಜೊತೆಗೆ "ತರಕಾರಿ ತಾನೇ" ಅಂತ ಗೋಬಿ ಮಂಚೂರಿ. ಹೂಕೋಸಿಗೆ 100 ಗ್ರಾಂಗೆ 25ರ ಹತ್ತಿರ ಇರಬಹುದು, ಆದರೆ ತಟ್ಟೆಗೆ ಬರುವುದು ಮೈದಾ, ಕಾರ್ನ್‌ಫ್ಲೋರ್ ಮತ್ತು ಅವು ಹೀರಿದ ಎಣ್ಣೆ. ನಾನ್ ಬದಲು ಬೆಣ್ಣೆ ಹಚ್ಚದ ತಂದೂರಿ ರೊಟ್ಟಿ, ಮಂಚೂರಿ ಬದಲು ಸೂಪ್ ಅಥವಾ ಸಲಾಡ್, ಅನ್ನ ಹಾಫ್ ಪ್ಲೇಟ್ ಹೇಳಿ. ಉಳಿಯುವಂತಿದ್ದರೆ ತಿನ್ನಲು ಶುರು ಮಾಡುವ ಮೊದಲೇ ಅರ್ಧ ಪಾರ್ಸಲ್ ಮಾಡಿಸಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ, ಅಂಥಲ್ಲಿ ಹೋದರೆ ಓದಿ. ಆ ಸಂಖ್ಯೆ ಒಂದು ಪಾಲಿನದೋ ಇಡೀ ಪ್ಲೇಟಿನದೋ ನೋಡಿಕೊಳ್ಳಿ.

ಊಟದ ಹೊರಗಿನ ತಿನಿಸೂ ಲೆಕ್ಕಕ್ಕೆ ಬರಬೇಕು. ಮಿರ್ಚಿ ಭಜ್ಜಿ ಒಂದಕ್ಕೆ 150ರಿಂದ 190. ಬೆಳಗಾವಿಯ ಕುಂದಾ 50 ಗ್ರಾಂಗೆ 180ರ ಸುಮಾರು. ಗೋಕಾಕ ಅಥವಾ ಅಮೀನಗಡದ ಕರದಂಟು ಅಷ್ಟೇ ತೂಕಕ್ಕೆ 220 ದಾಟಬಹುದು, ಅದರಲ್ಲಿನ ಅಂಟು (ತಿನ್ನುವ ಗೋಂದು) ತುಪ್ಪದಲ್ಲಿ ಕರಿದದ್ದು, ಜೊತೆಗೆ ಬೆಲ್ಲ, ಒಣಹಣ್ಣು. ತಿನ್ನಬೇಡಿ ಎನ್ನುತ್ತಿಲ್ಲ, ಬರೆಯಲು ಮರೆಯಬೇಡಿ.

ಭಾನುವಾರ ಬೆಳಿಗ್ಗೆ ತೂಕ ನೋಡಿ ಗಾಬರಿಯಾಗುತ್ತೀರಿ ಅಂತಲೂ ಬರೆದಿದ್ದೀರಿ. ಹೋಟೆಲ್ ಊಟದ ಮರುದಿನ ಒಂದು ಕಿಲೋ ಏರಿದರೆ ಅದು ಹೆಚ್ಚಾಗಿ ಉಪ್ಪು ಹಿಡಿದಿಟ್ಟ ನೀರು ಮತ್ತು ಹೊಟ್ಟೆಯಲ್ಲಿರುವ ಊಟದ ತೂಕ. ಒಂದು ಕಿಲೋ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು, ಒಂದು ರಾತ್ರಿಗೆ ಅದು ಆಗದು. ದಿನಾ ಬೆಳಿಗ್ಗೆ ತೂಗಿ, ಏಳು ದಿನದ ಸರಾಸರಿ ತೆಗೆದು, ಈ ವಾರದ್ದನ್ನು ಹೋದ ವಾರದ್ದರ ಜೊತೆ ಹೋಲಿಸಿ. ಲೆಕ್ಕ ತಿದ್ದಿದ ಮೇಲೆ ನಾಲ್ಕು ವಾರ ಸರಾಸರಿ ಕದಲದಿದ್ದರೆ ದಿನದ ಲೆಕ್ಕ ಇನ್ನೂ ಎಲ್ಲೋ ತಪ್ಪುತ್ತಿದೆ ಎಂದರ್ಥ. ಆಗ ಮೊದಲು ಹುಡುಕಬೇಕಾದ್ದು ಎಣ್ಣೆಯನ್ನು, ಆಮೇಲೆ ಸಕ್ಕರೆ ಹಾಕಿದ ಚಹಾ ದಿನಕ್ಕೆ ಎಷ್ಟು ಎಂಬುದನ್ನು.

ನಿಮಗೆ ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅನ್ನ ರೊಟ್ಟಿ ಇಳಿಸುವ ಮೊದಲು ವೈದ್ಯರಿಗೆ ತಿಳಿಸಿ. ಡೋಸ್ ಹಳೆಯದೇ ಇದ್ದು ಊಟ ಮಾತ್ರ ಕಡಿಮೆಯಾದರೆ ಸಕ್ಕರೆ ಏಕಾಏಕಿ ಕುಸಿಯಬಹುದು.